ಚೀಟಿ ಲೆಕ್ಕದಿಂದ ಬ್ಲಾಕ್‌ಚೈನ್‌ವರೆಗೆ

ವಿದ್ಯಾರ್ಥಿಗಳೇ, ನಮ್ಮ ನಾರಾಯಣಪೇಟೆ ಮತ್ತು ಗದ್ವಾಲದಲ್ಲಿ ಒಂದು ಕಾಲಕ್ಕೆ ನಾಣ್ಯಗಳನ್ನೇ ಅಚ್ಚು ಹಾಕುತ್ತಿದ್ದರು ಅಂದ್ರೆ ನಂಬ್ತೀರಾ? ನಿಜಾಮರ ಕಾಲದಲ್ಲಿ ಎರಡೂ ಕಡೆ ಟಂಕಸಾಲೆಗಳಿದ್ದವು. ಆಮೇಲೆ ಹೈದರಾಬಾದಿನ ಹಾಲಿ ಸಿಕ್ಕಾ ಬಂತು. ಅದೂ 1959ರಲ್ಲಿ ಚಲಾವಣೆಯಿಂದ ಹೋಯಿತು. ನಾಣ್ಯ ಯಾರದೇ ಇರಲಿ, ಹಿಂದೆ ನಿಂತು ಭರವಸೆ ಕೊಡುವ ಒಬ್ಬ ರಾಜನೋ ಸರ್ಕಾರವೋ ಇದ್ದೇ ಇತ್ತು.

ಅಂಥ ಯಾರೂ ಇಲ್ಲದೆ ಹಣದ ಲೆಕ್ಕ ಇಡೋಕಾಗುತ್ತಾ? 2008ರ ಅಕ್ಟೋಬರ್ 31ರಂದು ಸತೋಷಿ ನಕಮೊಟೊ ಎಂಬ ಹೆಸರಿನಲ್ಲಿ ಬಂದ ಒಂದು ಪುಟ್ಟ ಲೇಖನ ಆಗುತ್ತದೆ ಎಂದಿತು. ಆ ಹೆಸರಿನ ಹಿಂದೆ ಯಾರಿದ್ದಾರೆಂದು ಇವತ್ತಿಗೂ ಖಚಿತವಾಗಿಲ್ಲ. 2009ರ ಜನವರಿ 3ರಂದು ಬಿಟ್‌ಕಾಯಿನ್ ಶುರುವಾಯಿತು.

ಊರಿನ ಚೀಟಿ ವ್ಯವಹಾರ ನೆನಪಿಸಿಕೊಳ್ಳಿ. ಲೆಕ್ಕದ ಪುಸ್ತಕ ಒಬ್ಬರ ಕೈಯಲ್ಲಿರುತ್ತದೆ. ಅವರು ಹಳೆಯ ಪುಟ ತಿದ್ದಿದರೆ ಗೊತ್ತಾಗೋದು ಹೇಗೆ? ಪ್ರತಿ ಪುಟಕ್ಕೂ ಒಂದು ಗುರುತಿನ ಸಂಖ್ಯೆ ಕೊಡೋಣ. ಹಿಂದಿನ ಗುರುತನ್ನು 7ರಿಂದ ಗುಣಿಸಿ, ಈ ಪುಟದ ಮೊತ್ತ ಕೂಡಿಸಿ, 97ರಿಂದ ಭಾಗಿಸಿ. ಉಳಿದ ಶೇಷವೇ ಹೊಸ ಗುರುತು. ಮೊದಲ ಗುರುತು 5 ಇರಲಿ. ಪುಟಗಳ ಮೊತ್ತ 500, 1200, 750 ಆದರೆ ಗುರುತುಗಳು 50, 95, 57 ಬರುತ್ತವೆ. ಪೆನ್ಸಿಲ್ ಹಿಡಿದು ಮಾಡಿ ನೋಡಿ. ಈಗ ಯಾರೋ ಮೊದಲ ಪುಟದ 500ನ್ನು 600 ಮಾಡಿದರು ಅನ್ನಿ. ಗುರುತುಗಳು 53, 19, 10 ಆಗುತ್ತವೆ. ಒಂದು ಪುಟ ಮುಟ್ಟಿದರೆ ಮುಂದಿನದೆಲ್ಲ ಕದಲಿತು! ಪುಸ್ತಕದ ನಕಲು ಎಲ್ಲ ಸದಸ್ಯರ ಹತ್ತಿರ ಇದ್ದರೆ ಮೋಸ ತಕ್ಷಣ ಸಿಕ್ಕಿಬೀಳುತ್ತದೆ. ಪುಟ ಅಂದರೆ ಬ್ಲಾಕ್, ಗುರುತುಗಳ ಕೊಂಡಿ ಅಂದರೆ ಚೈನ್. ಇಷ್ಟೇ ನೋಡಿ.

ಆದರೆ ನಮ್ಮ ಆಟದಲ್ಲಿ ಒಂದು ತೂತಿದೆ. 500ರ ಬದಲು 597 ಬರೆದರೂ ಗುರುತು 50ಕ್ಕೇ ಬರುತ್ತದೆ. ಯಾಕೆ? ನೀವೇ ಹುಡುಕಿ. ಇಂಥ ಮೋಸ ತಡೆಯಲು ಬಿಟ್‌ಕಾಯಿನ್‌ನಲ್ಲಿ ಎಸ್‌ಎಚ್‌ಎ-256 ಎಂಬ ವಿಧಾನ ಬಳಸುತ್ತಾರೆ. ಅದರಲ್ಲಿ ಬರಬಹುದಾದ ಗುರುತುಗಳು 97 ಅಲ್ಲ, 2ರ 256ನೇ ಘಾತದಷ್ಟು. ಆ ಸಂಖ್ಯೆ ಬರೆಯಲು 78 ಅಂಕಿ ಬೇಕು.

ಇದನ್ನು ಕಾಲೇಜಿನಲ್ಲಿ ಕಲಿಯೋದು ಹೇಗೆ ಅಂತ ಕೆಲವರು ಕೇಳ್ತಿದ್ದೀರಿ. ಹೈದರಾಬಾದಿನ ಜೆಎನ್‌ಟಿಯು, ಬೆಳಗಾವಿಯ ವಿಟಿಯು ಪಠ್ಯಕ್ರಮಗಳಲ್ಲಿ ಬ್ಲಾಕ್‌ಚೈನ್ ಇಂಜಿನಿಯರಿಂಗ್‌ನ ಒಂದು ಐಚ್ಛಿಕ ವಿಷಯ. ಸೈಪ್ರಸ್ ದೇಶದ ನಿಕೋಸಿಯಾ ವಿಶ್ವವಿದ್ಯಾಲಯದಲ್ಲಿ 2014ರಿಂದ ಡಿಜಿಟಲ್ ಹಣದ ಮೇಲೇ ಸ್ನಾತಕೋತ್ತರ ಪದವಿ ಇದೆ. ಅಷ್ಟು ದೂರ ಯಾಕೆ, ಎನ್‌ಪಿಟಿಇಎಲ್‌ನಲ್ಲಿ ಖರಗ್‌ಪುರ ಐಐಟಿಯ ಪ್ರಾಧ್ಯಾಪಕರಾದ ಸಂದೀಪ್ ಚಕ್ರವರ್ತಿ, ಶಮಿಕ್ ಸುರಲ್ ಅವರ ಪಾಠಗಳನ್ನು ದುಡ್ಡಿಲ್ಲದೆ ನೋಡಬಹುದು. ಪಾಠ ಇಂಗ್ಲಿಷಿನಲ್ಲಿದೆ, ಮೊದಲಿಗೆ ಕಷ್ಟ ಆಗುತ್ತೆ. ಆದರೆ ಶೇಷ, ಘಾತ, ಅವಿಭಾಜ್ಯ ಸಂಖ್ಯೆ ಕನ್ನಡದಲ್ಲಿ ಗಟ್ಟಿ ಕಲಿತವರಿಗೆ ಅರ್ಧ ದಾರಿ ಸವೆದಂತೆಯೇ. ನನ್ನ ಅಭಿಪ್ರಾಯ ಕೇಳಿದರೆ, ಬ್ಲಾಕ್‌ಚೈನ್ ಹೆಸರು ನೋಡಿ ಕೋರ್ಸ್ ಆರಿಸಬೇಡಿ. ಗಣಿತ, ಕಂಪ್ಯೂಟರ್ ವಿಜ್ಞಾನ ಹಿಡಿಯಿರಿ, ಹೆಸರುಗಳು ಬದಲಾಗುತ್ತಿರುತ್ತವೆ.

ಇದರ ಉಪಯೋಗ ನಾಣ್ಯಕ್ಕಷ್ಟೇ ಅಲ್ಲ. ನಮ್ಮ ರಾಜ್ಯದಲ್ಲೇ ಚಿಟ್ ಫಂಡ್‌ಗಳ ಮೇಲೆ ಕಣ್ಣಿಡಲು ಟಿ-ಚಿಟ್ಸ್ ಎಂಬ ಬ್ಲಾಕ್‌ಚೈನ್ ವ್ಯವಸ್ಥೆ ತಂದರು. ಹಾಗಂತ ಇದು ಮಂತ್ರವೂ ಅಲ್ಲ. ಮೊದಲೇ ಸುಳ್ಳು ಲೆಕ್ಕ ಬರೆದರೆ ಬ್ಲಾಕ್‌ಚೈನ್ ಆ ಸುಳ್ಳನ್ನೇ ಭದ್ರವಾಗಿ ಕಾಪಾಡುತ್ತದೆ.

ಕಾನೂನಿನ ಮಾತು. ಬಿಟ್‌ಕಾಯಿನ್ ನಮ್ಮ ದೇಶದಲ್ಲಿ ಅಧಿಕೃತ ಹಣವಲ್ಲ. ಇಂಥ ವ್ಯವಹಾರಗಳಿಗೆ ಬ್ಯಾಂಕ್ ಸೇವೆ ಕೊಡಬಾರದೆಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಹೇಳಿತ್ತು; ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ಅದನ್ನು ರದ್ದು ಮಾಡಿತು. 2022ರಿಂದ ಲಾಭದ ಮೇಲೆ ಶೇ. 30 ತೆರಿಗೆ ಇದೆ. ಅದೇ ವರ್ಷ ಡಿಸೆಂಬರ್ 1ರಂದು ರಿಸರ್ವ್ ಬ್ಯಾಂಕ್ ಜನಸಾಮಾನ್ಯರಿಗಾಗಿ ತನ್ನದೇ ಡಿಜಿಟಲ್ ರೂಪಾಯಿಯ ಪ್ರಯೋಗ ಆರಂಭಿಸಿತು. ಮೊದಲ ನಾಲ್ಕು ನಗರಗಳಲ್ಲಿ ಬೆಂಗಳೂರೂ ಒಂದು.

ಇನ್ನೊಂದು. ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲೋ ವಾಟ್ಸಾಪ್‌ನಲ್ಲೋ ಯಾರಾದರೂ "ಈ ಕಾಯಿನ್ ತಗೊಳ್ರಿ, ಮೂರು ತಿಂಗಳಲ್ಲಿ ಡಬಲ್" ಅಂದರೆ, ಮನೆಯಲ್ಲಿ ಅಪ್ಪ ಅವ್ವ ಹತ್ತಿ ಮಾರಿದ ದುಡ್ಡು ತೆಗೆಯುವ ಮೊದಲು ನೀವು ಎರಡು ಪ್ರಶ್ನೆ ಕೇಳಿ: ಲೆಕ್ಕದ ನಕಲು ಯಾರ್ಯಾರ ಹತ್ತಿರ ಇದೆ? ಡಬಲ್ ಆಗುವ ದುಡ್ಡು ಯಾರ ಜೇಬಿನಿಂದ ಬರುತ್ತದೆ?