ಹೆಬ್ಬಾತು ಎಣಿಸುವ ಪಾಠ



ದೀಪಾವಳಿ ಕಳೆದ ಮೇಲೆ ನಮ್ಮ ಕೆರೆಗಳಿಗೆ ಬೂದುಬಣ್ಣದ ದೊಡ್ಡ ಬಾತುಗಳು ಬಂದಿಳಿಯುವುದನ್ನು ನೀವು ಕಂಡಿದ್ದೀರಿ. ಬಿಳಿಯ ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಇರುವುದರಿಂದ ಇದಕ್ಕೆ ಪಟ್ಟೆತಲೆ ಹೆಬ್ಬಾತು ಎಂದು ಹೆಸರು. ಗದಗ ಜಿಲ್ಲೆಯ ಮಾಗಡಿ ಕೆರೆ ಇವುಗಳಿಗೆ ಪ್ರಸಿದ್ಧವಾದುದು. 2024ರಲ್ಲಿ ಆ ಕೆರೆಯು ರಾಮ್‌ಸಾರ್ ಪಟ್ಟಿಗೆ, ಎಂದರೆ ಜಗತ್ತಿನ ಮುಖ್ಯ ಜಲನೆಲೆಗಳ ಪಟ್ಟಿಗೆ ಸೇರಿತು.

ಇವುಗಳ ತವರು ಯಾವುದು?

ಮಂಗೋಲಿಯ, ಟಿಬೆಟ್, ಲಡಾಖಿನ ಎತ್ತರದ ಸರೋವರಗಳೇ ಇವುಗಳ ತವರು. ಮಂಗೋಲಿಯದಲ್ಲಿ ಕೊರಳಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಲಡಾಖಿನ ತ್ಸೋ ಮೊರಿರಿ 2002ರಲ್ಲಿ, ತ್ಸೋ ಕರ್ 2020ರಲ್ಲಿ ರಾಮ್‌ಸಾರ್ ಪಟ್ಟಿ ಸೇರಿದವು. ಎರಡೂ ಸುಮಾರು 4,500 ಮೀಟರ್ ಎತ್ತರದಲ್ಲಿವೆ. ಅಲ್ಲಿಗೆ ನೀರು ಹಿಮ ಕರಗಿ ಬರಬೇಕು. ಅದರ ದಂಡೆಯ ಹುಲ್ಲನ್ನು ನಂಬಿ ಚಾಂಗ್ಪಾ ಎಂಬ ಕುರಿಗಾಹಿಗಳು ಬದುಕುತ್ತಾರೆ.

ಹಕ್ಕಿಯನ್ನೇ ಏಕೆ ಎಣಿಸಬೇಕು?

ಸರೋವರ ದೊಡ್ಡದು, ಚಳಿಗಾಲದಲ್ಲಿ ಹೆಪ್ಪುಗಟ್ಟುವಂಥದು. ಅದರ ಸ್ಥಿತಿಯನ್ನು ಹಕ್ಕಿ ಬೇಗ ತಿಳಿಸುತ್ತದೆ. ಹೆಬ್ಬಾತು ಕಡಿಮೆಯಾದರೆ ದಂಡೆಯ ಹುಲ್ಲನ್ನು ನೋಡಬೇಕು. ಗುಳುಮುಳುಕ ಕಡಿಮೆಯಾದರೆ ನೀರನ್ನು ನೋಡಬೇಕು. ಕಪ್ಪು ಕೊರಳಿನ ಕ್ರೌಂಚದ ಮರಿ ಉಳಿಯದಿದ್ದರೆ ಜೌಗು ಒಣಗಿತೋ, ಬೀದಿನಾಯಿಗಳು ಗೂಡಿಗೆ ನುಗ್ಗಿದವೋ ವಿಚಾರಿಸಬೇಕು.

ಎಣಿಸುವ ಕ್ರಮ

1. ಏಷ್ಯಾದ ಜಲಪಕ್ಷಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ನೀವೂ ಆ ತಿಂಗಳಲ್ಲೇ ಎಣಿಸಿರಿ.
2. ಕೆರೆಯನ್ನು ಭಾಗ ಮಾಡಿ, ಪ್ರತಿ ಭಾಗಕ್ಕೂ ಇಬ್ಬರು ಒಂದೇ ವೇಳೆಗೆ ನಿಲ್ಲಿರಿ. ಪ್ರತಿವರ್ಷವೂ ಅದೇ ಸ್ಥಳ ಇರಲಿ.
3. ದೊಡ್ಡ ಹಿಂಡಾದರೆ ಹತ್ತು ಹಕ್ಕಿಯ ಅಳತೆ ಕಣ್ಣಿಗೆ ಹಿಡಿದು, ಹತ್ತು ಹತ್ತಾಗಿ ಎಣಿಸಿರಿ.
4. ಹಾರುವುವನ್ನು ಬೇರೆ ಬರೆಯಿರಿ. ಹಕ್ಕಿ ಇಲ್ಲದಿದ್ದರೆ ಸೊನ್ನೆಯನ್ನೂ ಬರೆಯಿರಿ.

ಮೊದಲ ವರ್ಷ ನಾನೊಬ್ಬನೇ ಏರಿಯ ಮೇಲೆ ಎಣಿಸುತ್ತ ನಡೆದೆ. ನನ್ನ ಹೆಜ್ಜೆಗೆ ಬೆದರಿದ ಹಿಂಡು ಎದುರು ದಂಡೆಗೆ ಹಾರಿತು. ಅಲ್ಲಿಯೂ ಅದನ್ನೇ ಎಣಿಸಿದೆ. ಸಂಖ್ಯೆ ದೊಡ್ಡದಾಯಿತು, ಲೆಕ್ಕ ಸುಳ್ಳಾಯಿತು. ಕುರಿ ಕಾಯುವ ಹಿರಿಯರೊಬ್ಬರು ನಕ್ಕು, "ತಮ್ಮಾ, ಕುರಿಯನ್ನು ದೊಡ್ಡಿಯ ಬಾಗಿಲಲ್ಲಿ ನಿಂತು ಎಣಿಸಬೇಕು, ಬೆನ್ನಟ್ಟಿ ಎಣಿಸಬಾರದು" ಎಂದರು. ಆ ಹಾಳೆಯನ್ನು ಹರಿದು ಹಾಕಿ ಮರುದಿನ ಮತ್ತೆ ಎಣಿಸಿದೆವು.

ಲೆಕ್ಕದ ಅರ್ಥ

ಒಂದು ವರ್ಷ ಇಳಿದರೆ ಗಾಬರಿ ಬೇಡ. ನೆರೆಯ ಕೆರೆಯಲ್ಲಿ ಏರಿದ್ದರೆ ಹಿಂಡು ನೀರು ನೋಡಿ ಅಲ್ಲಿಗೆ ಹೋಗಿರಬಹುದು. ಎಲ್ಲ ಕೆರೆಗಳಲ್ಲೂ ವರ್ಷ ವರ್ಷವೂ ಇಳಿದರೆ ತವರಿನ ಸರೋವರದ ಕಡೆಗೂ ನೋಡಬೇಕಾಗುತ್ತದೆ. ಅಲ್ಲಿ ಮರಿಗಳನ್ನು ಎಣಿಸುವವರಿಗೆ ನಿಮ್ಮ ಪುಸ್ತಕವೇ ಜೋಡಿ.

"ಕಡಲೆ, ಶೇಂಗಾ ತಿನ್ನುವ ಹಕ್ಕಿಯನ್ನು ಎಣಿಸಿ ನಮಗೇನು?" ಎಂದು ಕೇಳುವವರುಂಟು. ಅವರ ನಷ್ಟ ನಿಜ. ಆದ್ದರಿಂದ ಅದೇ ಪುಸ್ತಕದಲ್ಲಿ ಹಾನಿಯ ತಾರೀಖು, ಸರ್ವೆ ನಂಬರು, ಬೆಳೆ, ಗುಂಟೆ ಇವನ್ನೂ ಬರೆಯಿರಿ. ಬರೆದಿಟ್ಟ ಲೆಕ್ಕವಿದ್ದರೆ ನಿಮ್ಮ ಅರ್ಜಿಗೆ ಬಲ ಬರುತ್ತದೆ. ಸಿಟ್ಟಿನಿಂದ ವಿಷವಿಟ್ಟರೆ ಹಕ್ಕಿಯ ಜೊತೆಗೆ ನಮ್ಮ ದನಕರುಗಳಿಗೂ ಕೆರೆಯ ನೀರಿಗೂ ಕೇಡು.

ಬರುವ ಜನವರಿಗೆ ಪ್ರತಿ ಊರಿನಿಂದ ಇಬ್ಬರು, ಒಂದು ಪೆನ್ಸಿಲ್, ಒಂದು ಪುಸ್ತಕ ಸಿದ್ಧವಾಗಿರಲಿ. ಸೂರ್ಯೋದಯಕ್ಕೆ ಏರಿಯ ಮೇಲೆ ಕೂಡೋಣ.

— ನಿಮ್ಮ ಗ್ರಾಮಸೇವಕ