ಮೊದಲು ಮಳೆ ನೋಡು, ಆಮೇಲೆ ಮನೆ ಕಟ್ಟು

ಮಗೂ,

ನೀನು ಕಳಿಸಿದ ನಕ್ಷೆಯನ್ನು ಮತ್ತೆ ಮತ್ತೆ ಬಿಡಿಸಿ ನೋಡಿದೆ. ಜಗಲಿ ಇದೆ, ನಡುವೆ ತೊಟ್ಟಿ ಇದೆ, ಅಡುಗೆಮನೆಯ ಹಿಂದೆ ಕೈತೋಟ ಇದೆ, ಸೋಲಾರ್ ಫಲಕ ಎಲ್ಲಿ ಕೂರಬೇಕು ಅನ್ನುವುದೂ ಇದೆ. ಆ ಎರಡು ಎಕರೆಯಲ್ಲಿ ಮಳೆನೀರು ಯಾವ ಮಗ್ಗುಲಿಂದ ಬಂದು ಯಾವ ಮಗ್ಗುಲಿಗೆ ಹರಿದುಹೋಗುತ್ತದೆ ಅನ್ನುವುದು ಮಾತ್ರ ಎಲ್ಲೂ ಇಲ್ಲ. ಬೆಂಗಳೂರು ಬಿಟ್ಟು ನೀವಿಬ್ಬರೂ ಗುಬ್ಬಿ ಸೀಮೆಯ ಕೆಂಪು ನೆಲಕ್ಕೆ ಬಂದು ಬಾಳುತ್ತೀರಿ ಅಂದಾಗ ನನಗಾದ ಸಂತೋಷ ನಿನಗೆ ಗೊತ್ತು. ನೀವು ಬರಬೇಕು, ಬಂದು ನಿಲ್ಲಬೇಕು. ಅದಕ್ಕೇ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ಪಾಯಕ್ಕೆ ಗುದ್ದಲಿ ಹಾಕುವ ಮುಂಚೆ ಒಂದು ಪೂರ್ತಿ ವರ್ಷ ಆ ನೆಲವನ್ನು ನೋಡು. ಭರಣಿ ಮಳೆಯಿಂದ ಮತ್ತೊಂದು ಭರಣಿಯವರೆಗೆ.

ವರ್ಷವೆಲ್ಲ ಸುಮ್ಮನೆ ಕಾಯಬೇಕೇ ಅಂತ ನಿನ್ನ ಹೆಂಡತಿ ಕೇಳಿದಳಲ್ಲ, ಅದು ಸುಮ್ಮನೆ ಕಾಯುವುದಲ್ಲ. ಊರಲ್ಲಿ ಒಂದು ಚಿಕ್ಕ ಮನೆ ಬಾಡಿಗೆಗೆ ಹಿಡಿಯಿರಿ. ಮಳೆ ಬಂದ ದಿನ ಹೊಲದಲ್ಲಿರಿ. ಕೆನ್ನೀರು ಎಲ್ಲಿ ಓಡುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಮಣ್ಣು ಕೊಚ್ಚುತ್ತದೆ, ಗುರುತು ಹಾಕಿಕೊಳ್ಳಿ. ಆಷಾಢದ ಗಾಳಿ ಯಾವ ದಿಕ್ಕಿನಿಂದ ಎಷ್ಟು ಜೋರು, ಏಪ್ರಿಲ್ ತಿಂಗಳ ಸಂಜೆ ಬಿಸಿಲು ಎಲ್ಲಿಗೆ ಹೊಡೆಯುತ್ತದೆ, ಕೋತಿ ಹಿಂಡು ಯಾವ ಕಾಲದಲ್ಲಿ ಬರುತ್ತದೆ, ಹಂದಿ ಯಾವ ಬದುವಿನಿಂದ ನುಗ್ಗುತ್ತದೆ, ಇದನ್ನೆಲ್ಲ ಯಾವ ಆರ್ಕಿಟೆಕ್ಟೂ ಕಂಪ್ಯೂಟರಿನಲ್ಲಿ ಹೇಳಲಾರ. ಪಕ್ಕದ ಹೊಲದ ಯಜಮಾನ ಹೇಳಬಲ್ಲ. ಆದರೆ ನೀನು ಅವನ ಬದುವಿನ ಮೇಲೆ ಕೂತು ಎಲೆಅಡಿಕೆ ಹಂಚಿಕೊಂಡು ಮಾತಾಡುವಷ್ಟು ಸಲಿಗೆ ಬಂದಮೇಲೆ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ, ಆದರೆ ಹಗುರವಾಗಿ ತೆಗೆದುಕೊಳ್ಳಬೇಡ. 2020ರ ತಿದ್ದುಪಡಿಯಾದಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ನಿಜ. ಆದರೂ ಪಹಣಿಯ 9ನೇ ಕಾಲಮ್ಮಿನಲ್ಲಿ ಯಾರ ಹೆಸರಿದೆ, 11ರಲ್ಲಿ ಯಾವ ಸಾಲ ಕೂತಿದೆ ಎರಡನ್ನೂ ಓದು. ಪೋಡಿ ಆಗಿದೆಯೇ, ಹದ್ದುಬಸ್ತು ಮಾಡಿಸಿದ್ದಾರೆಯೇ ಕೇಳು. ದರಖಾಸ್ತಿನಲ್ಲಿ ಪರಿಶಿಷ್ಟ ಜಾತಿ ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನಾಗಿದ್ದರೆ 1978ರ ಕಾಯಿದೆಯಂತೆ ಸರ್ಕಾರದ ಅನುಮತಿ ಇಲ್ಲದ ಕ್ರಯ ನಿಲ್ಲುವುದಿಲ್ಲ. ಅದು ಕಾನೂನಿಗಿಂತ ಹೆಚ್ಚಾಗಿ ನ್ಯಾಯದ ಮಾತು, ಅಂಥ ನೆಲದ ಮೇಲೆ ಆಸೆ ಇಡಬೇಡ. ಹೊಲಕ್ಕೆ ಹೋಗುವ ಬಂಡಿದಾರಿ ಗ್ರಾಮನಕಾಶೆಯಲ್ಲಿ ಇದೆಯೋ ಅಥವಾ ಯಾರದೋ ದಾಕ್ಷಿಣ್ಯದಿಂದ ನಡೆಯುತ್ತಿದೆಯೋ ನೋಡು. ಬಿ-ಖರಾಬು ಎಂದು ಬರೆದಿರುವ ಹಳ್ಳದ ಗುಂಟೆಗಳನ್ನು ನಿನ್ನದೆಂದು ಎಣಿಸಬೇಡ. ಮನೆ ಕಟ್ಟುವುದಕ್ಕೆ ಭೂಪರಿವರ್ತನೆ ಬೇಕೇ, ತೋಟದ ಮನೆಯ ನಿಯಮದಲ್ಲೇ ಆಗುತ್ತದೆಯೇ, ತಾಲ್ಲೂಕು ಕಚೇರಿಯಲ್ಲಿ ಬರಹದಲ್ಲಿ ಕೇಳಿ ಉತ್ತರ ಇಟ್ಟುಕೋ.

ಈಗ ನೀರಿನ ವಿಷಯಕ್ಕೆ ಬಾ. ನಮ್ಮ ಕಡೆ ಒಳ್ಳೆಯ ವರ್ಷದಲ್ಲಿ 600ರಿಂದ 700 ಮಿ.ಮೀ. ಮಳೆ. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಸುರಿಯುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಬಿದ್ದರೆ ಒಂದು ಲೀಟರ್. ಈ ಲೆಕ್ಕ ಹಿಡಿದರೆ 600 ಮಿ.ಮೀ. ಮಳೆಗೆ ನಿನ್ನ ಎರಡು ಎಕರೆಯ ಮೇಲೆ ಬೀಳುವುದು ಸುಮಾರು 48 ಲಕ್ಷ ಲೀಟರ್. ಇಷ್ಟು ಸಂಪತ್ತು ಬಾಗಿಲಿಗೆ ಬಂದು ಹಳ್ಳ ಸೇರಿ ಹೋಗುತ್ತಿರುವಾಗ, ನಾವು ಸಾವಿರ ಅಡಿ ಕೆಳಗಿನ ಹನಿಗೆ ಕೊಳವೆಬಾವಿ ಕೊರೆಯುತ್ತಿದ್ದೇವೆ. ಕೊಳವೆಬಾವಿ ಬೇಡ ಅನ್ನುತ್ತಿಲ್ಲ, ಆದರೆ ಬದುಕನ್ನೆಲ್ಲ ಅದರ ಮೇಲೆ ನಿಲ್ಲಿಸಬೇಡ. ಅದು ಬತ್ತಿದ ದಿನವೂ ನಿನ್ನ ಮನೆಯಲ್ಲಿ ಒಲೆ ಹೊತ್ತಬೇಕು, ಗಿಡ ಬದುಕಬೇಕು.

ಮನೆಯ ಚಾವಣಿ ಸಾವಿರ ಚದರಡಿ ಇದ್ದರೆ ವರ್ಷಕ್ಕೆ ಪೋಲಾದದ್ದು ಕಳೆದು 45,000 ಲೀಟರಿನಷ್ಟು ನೀರು ಹಿಡಿಯಬಹುದು. ನಾಲ್ಕು ಜನರ ಕುಡಿಯುವ, ಅಡುಗೆಯ ಬಳಕೆಗೆ ದಿನಕ್ಕೆ 40 ಲೀಟರ್ ಸಾಕು, ವರ್ಷಕ್ಕೆ 15,000ಕ್ಕೂ ಒಳಗೆ. ಅಂದರೆ 20,000 ಲೀಟರಿನ ಒಂದು ತೊಟ್ಟಿ, ಮೊದಲ ಮಳೆಯ ಕೊಳೆ ನೀರನ್ನು ಆಚೆ ತಿರುಗಿಸುವ ಒಂದು ಪೈಪು, ಇದ್ದಿಲು ಮರಳಿನ ಒಂದು ಸೋಸುಗುಂಡಿ ಇಷ್ಟಿದ್ದರೆ ಕುಡಿಯುವ ನೀರಿಗೆ ಯಾರ ಕೈಯನ್ನೂ ಕಾಯಬೇಕಿಲ್ಲ. ತೊಟ್ಟಿಗೆ ಬೆಳಕು ಹೋಗದಂತೆ ಮುಚ್ಚಳ ಇರಬೇಕು. ಬೆಳಕು ಬಿದ್ದರೆ ಪಾಚಿ, ಸಂದಿಯಿದ್ದರೆ ಸೊಳ್ಳೆ.

ಹೊಲದ ನೀರಿಗೆ ಕೃಷಿ ಹೊಂಡ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ಮೂರು ಮೀಟರ್ ಆಳ, ದಂಡೆ ಇಳಿಜಾರಾಗಿ ತೆಗೆದರೆ ಒಂದೂವರೆ ಲಕ್ಷ ಲೀಟರ್ ನಿಲ್ಲುತ್ತದೆ. ಆದರೆ ಬೇಸಿಗೆಯಲ್ಲಿ ಬಿಸಿಲು, ಗಾಳಿ ದಿನಕ್ಕೆ ಐದಾರು ಮಿ.ಮೀ. ಕುಡಿದುಬಿಡುತ್ತವೆ. ಆದ್ದರಿಂದ ಅಗಲಕ್ಕಿಂತ ಆಳ ಮೇಲು. ಎಲ್ಲಕ್ಕಿಂತ ಮೇಲು, ಹೊಂಡಕ್ಕೆ ಬರುವ ಮೊದಲೇ ನೀರನ್ನು ನೆಲಕ್ಕೆ ಕುಡಿಸುವುದು. ಇಳಿಜಾರಿಗೆ ಅಡ್ಡವಾಗಿ ಸಮಪಾತಳಿಯಲ್ಲಿ ಉದಿಬದು ಹಾಕು, ಬದುವಿನ ಮೇಲೆ ಗೊಬ್ಬರದ ಗಿಡ ಮತ್ತು ಹುಲ್ಲು ಇರಲಿ. ಹೊಂಡ ತುಂಬಿ ಕೋಡಿ ಹರಿಯುವ ದಾರಿಯನ್ನು ಕಲ್ಲಿಟ್ಟು ಭದ್ರ ಮಾಡು. ಮಕ್ಕಳು ದನ ಬೀಳದಂತೆ ಸುತ್ತ ಬೇಲಿ ಕಟ್ಟು, ಇದನ್ನು ಹೊಂಡ ತೆಗೆದ ವಾರದಲ್ಲೇ ಮಾಡಬೇಕು.

ಆ ಹೊಂಡದಲ್ಲೇ ನಿನ್ನ ಮನೆಯೂ ಇದೆ ಮಗೂ. ಮೇಲಿನ ಒಂದಡಿ ಕಪ್ಪು ಜೀವಮಣ್ಣನ್ನು ಬೇರೆ ರಾಶಿ ಹಾಕಿಸು, ಅದು ತರಕಾರಿ ಮಡಿಗೆ. ಅದರ ಕೆಳಗಿನ ಕೆಂಪು ಮಣ್ಣು ಗೋಡೆಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ಕೇಂದ್ರ ಹಳ್ಳಿಗೆ ಬೇಕಾದ ತಂತ್ರಜ್ಞಾನವನ್ನೇ ಧ್ಯಾನಿಸಿತು. ಒತ್ತಿದ ಮಣ್ಣಿನ ಇಟ್ಟಿಗೆಯ ಮೇಲೆ ಕೆ.ಎಸ್. ಜಗದೀಶ್ ಮತ್ತವರ ಸಂಗಡಿಗರು ಅಲ್ಲಿ ವರ್ಷಗಟ್ಟಲೆ ದುಡಿದರು. ಮಣ್ಣಿಗೆ ನೂರಕ್ಕೆ ಆರೇಳು ಪಾಲು ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತಿ, ಮೂರು ವಾರ ನೆರಳಿನಲ್ಲಿ ನೀರುಣಿಸಿದರೆ ಇಟ್ಟಿಗೆ ಸಿದ್ಧ. ಬೆಂಕಿ ಬೇಡ, ಸೌದೆ ಬೇಡ. ಸುಟ್ಟ ಇಟ್ಟಿಗೆಯ ಗೂಡಿಗೆ ಎಷ್ಟು ಹುಣಸೆ ಹೊಂಗೆ ಬೂದಿಯಾಗಿವೆ ಅನ್ನುವುದನ್ನು ನಮ್ಮ ಸೀಮೆಯ ಬೋಳು ಗುಡ್ಡಗಳೇ ಹೇಳುತ್ತವೆ.

ಎಲ್ಲ ಮಣ್ಣೂ ಆಗುವುದಿಲ್ಲ. ಒಂದು ಗಾಜಿನ ಜಾಡಿಯಲ್ಲಿ ಅರ್ಧ ಮಣ್ಣು, ಮೇಲೆ ನೀರು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಬಿಡು. ಮರಳು ತಳದಲ್ಲಿ, ಮೇಲೆ ಗೋಡು, ಅದರ ಮೇಲೆ ಜೇಡಿ ಪದರವಾಗಿ ಕೂರುತ್ತವೆ. ಮೂರರಲ್ಲಿ ಎರಡು ಪಾಲಾದರೂ ಮರಳು, ಜೇಡಿ ಹತ್ತು ಹದಿನೈದರಷ್ಟು ಇದ್ದರೆ ಒಳ್ಳೆಯದು. ಜೇಡಿ ಹೆಚ್ಚಾದರೆ ಬಿರುಕು, ಆಗ ಮರಳು ಬೆರೆಸಬೇಕು. ಮೊದಲು ಕೆಲವೇ ಇಟ್ಟಿಗೆ ಒತ್ತಿ, ಒಣಗಿದಮೇಲೆ ನೀರಲ್ಲಿ ಮುಳುಗಿಸಿ ನೋಡಿ, ಆಮೇಲೆ ಸಾವಿರಗಟ್ಟಲೆ ಒತ್ತಿಸು.

ಮಣ್ಣಿನ ಗೋಡೆಯ ಶತ್ರು ಎರಡು, ಕೆಳಗಿನ ಶೀತ ಮತ್ತು ಮೇಲಿನ ಇರಚಲು. ಸೈಜುಗಲ್ಲಿನ ತಳಪಾಯವನ್ನು ನೆಲದಿಂದ ಎರಡಡಿ ಎಬ್ಬಿಸು, ಸೂರನ್ನು ಎರಡೂವರೆ ಮೂರಡಿ ಚಾಚು. ಈ ಎರಡರಲ್ಲಿ ಕೈ ಬಿಗಿ ಹಿಡಿಯಬೇಡ, ಬೇಕಾದರೆ ಒಂದು ಕೋಣೆ ಕಡಿಮೆ ಮಾಡು. ಮನೆಯ ಉದ್ದನೆಯ ಗೋಡೆಗಳು ಉತ್ತರ ದಕ್ಷಿಣಕ್ಕೆ ಮುಖ ಮಾಡಲಿ. ಪಡುವಣದ ಕಡೆ ಬಚ್ಚಲು, ಸೌದೆಮನೆ ಇರಲಿ, ಸಂಜೆಯ ಬಿಸಿಲನ್ನು ಅವು ತಿನ್ನುತ್ತವೆ. ಆ ಕಡೆಗೇ ಹೊಂಗೆ, ಬೇವು ನೆಡು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಹೆಂಚು ಇಂದಿಗೂ ತಂಪಾದ ಚಾವಣಿ, ಮಳೆನೀರು ಹಿಡಿಯುವುದಕ್ಕೂ ಒಳ್ಳೆಯದು. ಆದರೆ ನಮ್ಮೂರ ಕೋತಿಗಳು ಹೆಂಚನ್ನು ಉಳಿಸುವುದಿಲ್ಲ. ಅದಕ್ಕೆ ಒಂದು ಭಾಗಕ್ಕಾದರೂ ತಾರಸಿ ಹಾಕಿಸು, ಮೇಲೆ ಅವರೆಕಾಳು, ಹುಣಸೆಹಣ್ಣು ಒಣಗಿಸಲು ಜಾಗವೂ ಆಗುತ್ತದೆ.

ಮನೆ ಚಿಕ್ಕದಾಗಿರಲಿ ಅಂತ ನಾನು ಪದೇಪದೇ ಹೇಳುವುದಕ್ಕೆ ಕಾರಣವಿದೆ. ಪಟ್ಟಣದಿಂದ ಬಂದ ಬಹಳ ಜನ ಗಂಟಿನ ದುಡ್ಡನ್ನೆಲ್ಲ ಗೋಡೆಗೆ ಸುರಿದು, ಬದುವಿಗೆ, ಗೊಬ್ಬರಕ್ಕೆ, ಬೆಳೆ ಕೈಕೊಟ್ಟ ವರ್ಷದ ಊಟಕ್ಕೆ ಏನೂ ಉಳಿಸಿಕೊಳ್ಳುವುದಿಲ್ಲ. ಮರ ಫಲ ಕೊಡುವವರೆಗೆ ನಿಮ್ಮಿಬ್ಬರಲ್ಲಿ ಒಬ್ಬರ ಸಂಬಳ ಬರುತ್ತಿರಲಿ, ಮನೆಯಿಂದಲೇ ಮಾಡುವ ಕೆಲಸವಾದರೂ ಸರಿ. ಅದರಲ್ಲಿ ಅವಮಾನವಿಲ್ಲ. ಕಸಿ ಹಲಸು ಮೂರ್ನಾಲ್ಕು ವರ್ಷ ಕೇಳುತ್ತದೆ, ನಾಟಿ ತೆಂಗು ಆರೇಳು ವರ್ಷ, ಬೀಜದ ಹುಣಸೆ ಎಂಟು ಹತ್ತು. ಹಾಗಾಗಿ ಮನೆ ಕಟ್ಟುವ ಮುಂಚೆಯೇ, ಈ ವರ್ಷದ ಮಳೆಗೇ, ಮರ ನೆಡು. ಗುಬ್ಬಿ ತಾಲ್ಲೂಕಿನದೇ ಆದ ‘ಸಿದ್ದು’ ಕೆಂಪು ತೊಳೆಯ ಹಲಸಿನ ಕಸಿ ಸಿಗುತ್ತದೆ, ಒಂದೆರಡು ತಂದು ಹಾಕು. ಬದುವಿನಲ್ಲಿ ಸೀತಾಫಲ, ನುಗ್ಗೆ, ಹೊಂಗೆ. ಹೊಲದಲ್ಲಿ ಮರ ಇರಲೇಬೇಕು ಎಂದು ದೊಡ್ಡಬಳ್ಳಾಪುರದ ಎಲ್. ನಾರಾಯಣ ರೆಡ್ಡಿಯವರು 2019ರಲ್ಲಿ ತೀರಿಕೊಳ್ಳುವವರೆಗೂ ಬಂದವರಿಗೆಲ್ಲ ಹೇಳಿದರು. ಉಡುಪಿ ಕಡೆಯ ಚೇರ್ಕಾಡಿ ರಾಮಚಂದ್ರ ರಾಯರ ಗಾಂಧಿಮಾರ್ಗದ ಬದುಕನ್ನೂ ತಿಳಿದುಕೋ. ಅವರ ಶ್ರದ್ಧೆಯನ್ನು ಕಲಿ, ಬೆಳೆಯನ್ನು ಮಾತ್ರ ನಕಲು ಮಾಡಬೇಡ. ಅವರ ಸೀಮೆಯಲ್ಲಿ ನಮ್ಮ ಐದಾರು ಪಟ್ಟು ಮಳೆ.

ಊಟದ ಲೆಕ್ಕವನ್ನೂ ಹಾಗೆಯೇ ನೆಲ ನೋಡಿ ಮಾಡು. ಮುದ್ದೆ, ರೊಟ್ಟಿ, ಅಂಬಲಿಗೆ ದಿನಕ್ಕೆ ಒಂದು ಕೆ.ಜಿ. ರಾಗಿ ಎಂದರೆ ವರ್ಷಕ್ಕೆ ನಾಲ್ಕು ಕ್ವಿಂಟಲಿಗೂ ಕಡಿಮೆ. ಮಳೆಯಾಶ್ರಯದ ಮುಕ್ಕಾಲು ಎಕರೆ ಸಾಕು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿಯನ್ನು ಅಕ್ಕಡಿಯಾಗಿ ಹಾಕು, ಒಂದು ಬದಿಗೆ ಅವರೆ, ಹುಚ್ಚೆಳ್ಳು, ಹಿಂಗಾರಿಗೆ ಹುರುಳಿ. ಒಂದು ಬೆಳೆ ಸೋತರೆ ಇನ್ನೊಂದು ಕೈ ಹಿಡಿಯುತ್ತದೆ. ಹಿಂದಿನವರು ಹಗೇವಿನಲ್ಲಿ ವರ್ಷಗಟ್ಟಲೆ ಇಟ್ಟರೂ ಕೆಡದ ಧಾನ್ಯ ರಾಗಿ, ಬರಗಾಲಕ್ಕೆ ಅದಕ್ಕಿಂತ ಭರವಸೆ ಬೇರೆ ಇಲ್ಲ. ಹತ್ತು ತೆಂಗು ಬದುಕಿದರೆ ಮನೆಗೆ ದಿನಕ್ಕೊಂದು ಕಾಯಿ ಹೋಗಿ ಎಣ್ಣೆಗೂ ಮಿಗುತ್ತದೆ. ಅಕ್ಕಿ, ಉಪ್ಪು, ಬೆಲ್ಲ ಅಂಗಡಿಯಿಂದಲೇ ಬರಲಿ. ಈ ನೆಲದಲ್ಲಿ ಗದ್ದೆ ಮಾಡಿ ಸ್ವಾವಲಂಬಿ ಅನ್ನಿಸಿಕೊಳ್ಳಬೇಕಿಲ್ಲ.

ತರಕಾರಿ ಮಡಿಯ ಅಳತೆಯನ್ನು ಬಚ್ಚಲ ನೀರಿಗೆ ಬಿಡು. ನೂರು ಚದರ ಮೀಟರ್ ತೋಟ ಬೇಸಿಗೆಯಲ್ಲಿ ದಿನಕ್ಕೆ 500 ಲೀಟರ್ ಕೇಳುತ್ತದೆ. ನಾಲ್ಕು ಜನರ ಸ್ನಾನ, ಪಾತ್ರೆಯ ನೀರು 250 ಲೀಟರ್ ಬಂದರೆ ಬೇಸಿಗೆಯ ತೋಟ ಅದರ ಅರ್ಧ. ಆ ನೀರು ಮೊದಲು ಬಾಳೆ, ಕೆಸು, ಕಾಬಾಳೆಯ ಬುಡದಲ್ಲಿ ಹಾದು ಬರಲಿ. ಸೋಪಿನ ಪುಡಿಯ ಬದಲು ಸೀಗೆ, ಅಂಟುವಾಳ, ಬೂದಿ ಬಳಸಿದರೆ ಮಣ್ಣಿಗೂ ಹಿತ. ಮಡಿಗೆ ಒಣಹುಲ್ಲು ಹೊದಿಸದೆ ಒಂದು ದಿನವೂ ಬಿಡಬೇಡ. ಪಾಯಿಖಾನೆಗೆ ಎರಡು ಗುಂಡಿ ಮಾಡಿಸು. ಒಂದು ತುಂಬಿದಾಗ ಮುಚ್ಚಿ ಇನ್ನೊಂದಕ್ಕೆ ತಿರುಗಿಸಿ ಎರಡು ವರ್ಷ ಬಿಟ್ಟರೆ ವಾಸನೆಯಿಲ್ಲದ ಗೊಬ್ಬರ, ಅದು ಮರಗಳ ಬುಡಕ್ಕೆ. ಕುಡಿಯುವ ನೀರಿನ ಬಾವಿಯಿಂದ ಗುಂಡಿ ಹದಿನೈದು ಮೀಟರಾದರೂ ದೂರವಿರಲಿ.

ಹಸುವಿನ ವಿಷಯದಲ್ಲಿ ನಿಧಾನಿಸು. ಗೋಬರ್ ಗ್ಯಾಸಿನಲ್ಲೇ ಅಡುಗೆಯೆಲ್ಲ ಮಾಡಬೇಕೆಂದರೆ ಎರಡು ಘನ ಮೀಟರಿನ ಸ್ಥಾವರ ಬೇಕು, ಅದಕ್ಕೆ ದಿನಕ್ಕೆ 50 ಕೆ.ಜಿ. ಸಗಣಿ, ಅಂದರೆ ನಾಲ್ಕೈದು ದನ. ಅಷ್ಟಕ್ಕೆ ಮೇವು ಎರಡು ಎಕರೆಯಲ್ಲಿ ಹುಟ್ಟದು. ಎರಡು ನಾಟಿ ಹಸು ಕಟ್ಟಿ ಅರ್ಧ ಅಡುಗೆ ಗ್ಯಾಸಿನಲ್ಲಿ, ಅರ್ಧ ಅಸ್ತ್ರ ಒಲೆಯಲ್ಲಿ ತೆಂಗಿನ ಗರಿ, ತೊಗರಿ ಕಡ್ಡಿ ಉರಿಸಿ ಮಾಡಿಕೊಳ್ಳಿ. ಮೊದಲ ವರ್ಷ ಕೋಳಿ ಸಾಕಿ ನೋಡಿ, ಬೆಳಗಿನ ಜಾವ ಏಳುವುದು ಒಗ್ಗಿದಮೇಲೆ ಹಸು.

ಹಸು ಕಟ್ಟಿದ ಮೇಲೆ ಒಂದು ರಾತ್ರಿಯೂ ಇಬ್ಬರೂ ಒಟ್ಟಿಗೆ ಊರು ಬಿಡುವಂತಿಲ್ಲ, ಪಕ್ಕದ ಮನೆಯವರು ಹಾಲು ಕರೆದು ಕೊಡುವಷ್ಟು ನಂಟು ಇಲ್ಲದಿದ್ದರೆ. ನನಗೆ ನಿಮ್ಮ ಬಗ್ಗೆ ನಿಜವಾದ ಕಾಳಜಿ ಇರುವುದು ಇಲ್ಲೇ. ಸುತ್ತ ಎತ್ತರದ ಕಾಂಪೌಂಡು ಹಾಕಿ ಒಳಗೆ ಸ್ವಾವಲಂಬನೆ ಮಾಡುತ್ತೇವೆ ಅಂದರೆ ಅದು ನಡೆಯದು. ಕತ್ತಾಳೆ, ಕಳ್ಳಿಯ ಬೇಲಿ ಸಾಕು, ತಡಿಕೆಯ ಮೇಲಿಂದ ಮಾತಾಡಲು ಆಗಬೇಕು. ರಾಗಿ ಕುಯ್ಲಿಗೆ ಮುಯ್ಯಾಳಾಗಿ ಹೋಗಿ, ಅವರೂ ಬರುತ್ತಾರೆ. ಬಿತ್ತನೆ ಬೀಜ ಅವರ ಮನೆಯಿಂದ ತನ್ನಿ, ಸುಗ್ಗಿಯಲ್ಲಿ ಹೆಚ್ಚಿಗೆ ಅಳೆದು ಕೊಡಿ. ಸಾವು ನೋವಿಗೆ ಕರೆಯದಿದ್ದರೂ ಹೋಗಿ. ಕೆರೆಯ ಹೂಳೆತ್ತುವ ದಿನ ಮೊದಲ ಬುಟ್ಟಿ ನಿಮ್ಮದಿರಲಿ, ನಿಮ್ಮ ಬಾವಿಯ ಊಟೆ ಆ ಕೆರೆಯಿಂದಲೇ ಬರುತ್ತಿರುತ್ತದೆ. ನಿಮಗೆ ಗೊತ್ತಿರುವ ಕಂಪ್ಯೂಟರು, ಇಂಗ್ಲಿಷು ಊರಿನ ಮಕ್ಕಳಿಗೆ ಹೇಳಿಕೊಡಿ, ಕಚೇರಿಗೆ ಅರ್ಜಿ ಬರೆದುಕೊಡಿ. ಯಾರ ಉಪಕಾರವೂ ದೊಡ್ಡದು ಚಿಕ್ಕದು ಅಂತ ಅಳೆಯಬೇಡಿ.

ಈಗ ಮಾಡಬೇಕಾದ್ದು ಇಷ್ಟು. ರಿಜಿಸ್ಟರ್ ಆದ ಕೂಡಲೇ ಸರ್ವೆಯವರಿಂದ ಕಲ್ಲು ಹಾಕಿಸು. ಮನೆಯ ನಕ್ಷೆಯನ್ನು ಹಾಗೇ ಮಡಿಚಿಡು. ಒಂದು ಮಳೆಮಾಪಕ ತಂದು ಬಯಲಲ್ಲಿ ನಿಲ್ಲಿಸಿ ಪ್ರತಿ ಮಳೆಯನ್ನೂ ಒಂದು ಪುಸ್ತಕದಲ್ಲಿ ಬರೆಯುತ್ತಾ ಬಾ. ಗಾರೆಯವರ ಹತ್ತಿರ ಟ್ಯೂಬ್ ಲೆವೆಲ್ ಇರುತ್ತದೆ, ಅದನ್ನು ಎರವಲು ತಾ, ಜೊತೆಗೆ ಒಂದು ಚೀಲ ಸುಣ್ಣದ ಪುಡಿ. ಭರಣಿ ಹುಟ್ಟುವ ಮುಂಚಿನ ಭಾನುವಾರ ನಾನೂ ಬರುತ್ತೇನೆ, ಉದಿಬದುವಿನ ಗೆರೆಗಳನ್ನು ಮೂವರೂ ಸೇರಿ ಹಾಕೋಣ.