ವಂಶವಾಹಿಗಳ ವಿಳಾಸ: ಇಲಿಯ ನಕ್ಷೆ, ಮಾನವನ ನಕ್ಷೆ

'ನೂಲಿನಂತೆ ಸೀರೆ, ತಾಯಿಯಂತೆ ಮಗಳು' ಎಂದು ನಮ್ಮ ಹಿರಿಯರು ಗಾದೆ ಕಟ್ಟಿದಾಗ ಅವರಿಗೆ ವರ್ಣತಂತುಗಳ ಪರಿಚಯವಿರಲಿಲ್ಲ. ಆದರೂ ಅವರು ಆರಿಸಿಕೊಂಡ ಹೋಲಿಕೆ ಅರ್ಥಪೂರ್ಣವಾದುದು. ತಂದೆತಾಯಿಗಳ ಲಕ್ಷಣಗಳು ಮಕ್ಕಳಿಗೆ ಇಳಿದುಬರುವುದು ನಿಜವಾಗಿಯೂ ನೂಲಿನಂಥ ವಸ್ತುವಿನ ಮೂಲಕವೇ. ಮೈಬಣ್ಣ, ಮೂಗಿನ ಮಾಟಗಳಂತೆ ಕೆಲವು ಕಾಯಿಲೆಗಳಿಗೆ ಒಳಗಾಗುವ ಪ್ರವೃತ್ತಿಯೂ ಹೀಗೆ ಇಳಿದುಬರುತ್ತದೆ. ರಕ್ತದ ಏರೊತ್ತಡ ಅವುಗಳಲ್ಲೊಂದು. 'ತಂದೆಯವರಿಗೆ ಬಿ.ಪಿ. ಇತ್ತು, ದೊಡ್ಡಪ್ಪನಿಗೂ ಇತ್ತು. ನಮಗೆ ಬಾರದೆ ಇದ್ದೀತೆ?' ಎಂಬ ಮಾತು ನಮ್ಮ ಮನೆಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತದೆ. ಈ ಮಾತಿನಲ್ಲಿ ನಿಜವೆಷ್ಟು, ಹುಸಿಯೆಷ್ಟು ಎಂಬುದನ್ನು ಅರಿಯಬೇಕಾದರೆ, ವಂಶವಾಹಿಗಳು ಎಲ್ಲೆಲ್ಲಿ ನೆಲೆಸಿವೆಯೆಂದು ವಿಜ್ಞಾನಿಗಳು ನಕ್ಷೆ ಬರೆದ ಬಗೆಯನ್ನು ನೋಡಬೇಕು. ಆ ಕಾರ್ಯದಲ್ಲಿ ಇಲಿಯ ಪಾತ್ರ ಸಾಮಾನ್ಯವಾದುದಲ್ಲ.

ವರ್ಣತಂತು ಎಂದರೇನು?

ನಮ್ಮ ಶರೀರದ ಜೀವಕೋಶಗಳ ಕೇಂದ್ರದಲ್ಲಿ ಬಣ್ಣವನ್ನು ಹೀರಿಕೊಳ್ಳುವ ಎಳೆಗಳಿವೆ. ಇವೇ ವರ್ಣತಂತುಗಳು. ಮಾನವನಲ್ಲಿ ಇವು 48 ಎಂದು ಬಹುಕಾಲ ನಂಬಲಾಗಿತ್ತು. ಸ್ವೀಡನ್ನಿನ ಲುಂಡ್ ನಗರದಲ್ಲಿ ತ್ಯೊ ಮತ್ತು ಲೆವಾನ್ ಎಂಬ ವಿಜ್ಞಾನಿಗಳು ಎಚ್ಚರಿಕೆಯಿಂದ ಎಣಿಸಿ, ಅವು 46 ಎಂದು 1956ರಲ್ಲಿ ಪ್ರಕಟಿಸಿದರು. ಅಂದರೆ 23 ಜೊತೆಗಳು. ಪ್ರತಿ ಜೊತೆಯಲ್ಲಿ ಒಂದು ತಾಯಿಯದು, ಇನ್ನೊಂದು ತಂದೆಯದು. ರ‍್ಯಾಟ್ ಎನಿಸುವ ದೊಡ್ಡ ಇಲಿಯಲ್ಲಿ 42 ವರ್ಣತಂತುಗಳಿದ್ದರೆ, ಮೌಸ್ ಎನಿಸುವ ಸುಂಡಿಲಿಯಲ್ಲಿ 40 ಇವೆ.

ಈ ಎಳೆಗಳ ಉದ್ದಕ್ಕೂ ಡಿ.ಎನ್.ಎ. ಎಂಬ ರಾಸಾಯನಿಕದ ತುಣುಕುಗಳಾಗಿ ವಂಶವಾಹಿಗಳು ಸಾಲುಗೊಂಡಿವೆ. ಶರೀರಕ್ಕೆ ಬೇಕಾದ ಪ್ರೋಟೀನುಗಳನ್ನು ತಯಾರಿಸುವ ಸೂಚನೆಯನ್ನು ಹೊತ್ತ ವಂಶವಾಹಿಗಳೇ ಮಾನವನಲ್ಲಿ ಸುಮಾರು 20,000 ಇವೆ. ವರ್ಣತಂತುವನ್ನು ಒಂದು ಬೀದಿಯೆಂದು ಭಾವಿಸಿದರೆ, ವಂಶವಾಹಿಯು ಆ ಬೀದಿಯಲ್ಲಿನ ಒಂದು ಮನೆ. ಯಾವ ಮನೆ ಯಾವ ಬೀದಿಯಲ್ಲಿದೆ, ಅದರ ನೆರೆಯಲ್ಲಿ ಯಾವ ಮನೆಗಳಿವೆ ಎಂದು ಗುರುತಿಸುವುದೇ ನಕ್ಷೆಯ ಕೆಲಸ.

ನಕ್ಷೆಯ ಮೊದಲ ಗೆರೆಗಳು

ಬಣ್ಣಗುರುಡು ಗಂಡಸರಲ್ಲಿಯೇ ಹೆಚ್ಚಾಗಿ ಕಾಣಿಸಿಕೊಂಡು, ಹೆಣ್ಣುಮಕ್ಕಳ ಮೂಲಕ ಮೊಮ್ಮಕ್ಕಳಿಗೆ ಇಳಿಯುವುದನ್ನು ಗಮನಿಸಿ, ಅದರ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿದೆಯೆಂದು ಅಮೆರಿಕದ ವಿಲ್ಸನ್ 1911ರಲ್ಲಿ ಊಹಿಸಿದರು. ಎರಡು ವರ್ಷಗಳ ಬಳಿಕ, 1913ರಲ್ಲಿ, ಸ್ಟರ್ಟೆವಾಂಟ್ ಎಂಬ ತರುಣ ಹಣ್ಣಿನ ನೊಣದ ಆರು ವಂಶವಾಹಿಗಳನ್ನು ಒಂದೇ ಗೆರೆಯ ಮೇಲೆ ಕ್ರಮವಾಗಿ ಗುರುತಿಸಿದ. ಆತನ ತರ್ಕ ಸರಳವಾದುದು. ಅಂಡಾಣು, ವೀರ್ಯಾಣುಗಳು ರೂಪುಗೊಳ್ಳುವಾಗ ಜೊತೆಯ ವರ್ಣತಂತುಗಳು ತಮ್ಮ ತುಂಡುಗಳನ್ನು ಪರಸ್ಪರ ಬದಲಾಯಿಸಿಕೊಳ್ಳುತ್ತವೆ. ಆಗ ದೂರದೂರವಿರುವ ವಂಶವಾಹಿಗಳು ಸುಲಭವಾಗಿ ಅಗಲುತ್ತವೆ. ಒತ್ತಿನಲ್ಲಿರುವವು ಬಹುಮಟ್ಟಿಗೆ ಒಟ್ಟಿಗೇ ಉಳಿಯುತ್ತವೆ. ಎಷ್ಟು ಸಲ ಅಗಲಿದವೆಂದು ಎಣಿಸಿದರೆ ಅವುಗಳ ನಡುವಿನ ದೂರವನ್ನು ಅಳೆದಂತಾಯಿತು.

ನೊಣ, ಇಲಿಗಳನ್ನು ಬೇಕಾದಂತೆ ಜೊತೆಗೂಡಿಸಿ ಸಂತಾನವನ್ನು ಎಣಿಸಬಹುದು. ಮಾನವರಲ್ಲಿ ಇದು ಸಾಧ್ಯವಿಲ್ಲ. ಪೀಳಿಗೆಗಳು ನಿಧಾನ, ಸಂಸಾರಗಳು ಚಿಕ್ಕವು. ಲಿಂಗವನ್ನು ನಿರ್ಣಯಿಸುವ ಜೊತೆಯನ್ನು ಬಿಟ್ಟು ಉಳಿದ 22 ಜೊತೆಗಳಲ್ಲಿ, ನಿರ್ದಿಷ್ಟ ವರ್ಣತಂತುವೊಂದರ ಮೇಲೆ ಮೊದಲ ವಂಶವಾಹಿಯನ್ನು ಗುರುತಿಸಲು 1968ರವರೆಗೆ ಕಾಯಬೇಕಾಯಿತು. ಅಮೆರಿಕದ ಡೊನಹ್ಯೂ ತಮ್ಮ 1ನೆಯ ವರ್ಣತಂತುವಿನಲ್ಲಿ ಅಸಾಮಾನ್ಯ ಆಕಾರವೊಂದನ್ನು ಕಂಡು, ಅದು ತಮ್ಮ ಬಂಧುಗಳಲ್ಲಿ ಡಫಿ ಎಂಬ ರಕ್ತದ ಗುಂಪಿನೊಡನೆ ಸಾಗುವುದನ್ನು ತೋರಿಸಿಕೊಟ್ಟರು.

ಎರಡು ಪ್ರಾಣಿಗಳ ಒಂದು ಕೋಶ

ಈ ಕೆಲಸದ ವೇಗವನ್ನು ಹೆಚ್ಚಿಸಿದ್ದು ಒಂದು ವಿಚಿತ್ರ ಪ್ರಯೋಗ. ನ್ಯೂಯಾರ್ಕಿನಲ್ಲಿ ಮೇರಿ ವೈಸ್ ಮತ್ತು ಹಾವರ್ಡ್ ಗ್ರೀನ್ 1967ರಲ್ಲಿ ಮಾನವನ ಕೋಶವನ್ನೂ ಸುಂಡಿಲಿಯ ಕೋಶವನ್ನೂ ಗಾಜಿನ ಪಾತ್ರೆಯಲ್ಲಿ ಬೆಸೆದ ವಿವರಗಳನ್ನು ಪ್ರಕಟಿಸಿದರು. ಇಂಥ ಮಿಶ್ರಕೋಶ ಒಡೆದು ಒಡೆದು ಬೆಳೆಯುವಾಗ ಮಾನವನ ವರ್ಣತಂತುಗಳು ಒಂದೊಂದಾಗಿ ಕಳೆದುಹೋಗುತ್ತವೆ. ಅವರು ಬಳಸಿದ ಸುಂಡಿಲಿಯ ಕೋಶಕ್ಕೆ ಥೈಮಿಡೀನ್ ಕೈನೇಸ್ ಎಂಬ ಕಿಣ್ವವನ್ನು ತಯಾರಿಸುವ ಶಕ್ತಿಯಿರಲಿಲ್ಲ. ಆ ಕಿಣ್ವವಿಲ್ಲದೆ ಬದುಕಲಾಗದಂಥ ಪೋಷಕ ದ್ರವದಲ್ಲಿಟ್ಟಾಗ, ಕಿಣ್ವದ ವಂಶವಾಹಿಯನ್ನು ಹೊತ್ತ ಮಾನವ ವರ್ಣತಂತುವನ್ನು ಉಳಿಸಿಕೊಂಡ ಮಿಶ್ರಕೋಶಗಳು ಮಾತ್ರ ಬದುಕಿದವು. ಉಳಿದ ಎಳೆ ಯಾವುದೆಂದು ನೋಡಿದರೆ ವಿಳಾಸ ದೊರೆತಂತೆಯೇ! ಅದು 17ನೆಯದೆಂದು 1971ರಲ್ಲಿ ಖಚಿತವಾಯಿತು. ಇದಕ್ಕೆ ನೆರವಾದದ್ದು ಸ್ವೀಡನ್ನಿನ ಕ್ಯಾಸ್ಪರ್ಸನ್ ಮತ್ತು ಸಂಗಡಿಗರು 1970ರ ವೇಳೆಗೆ ರೂಪಿಸಿದ ಹೊಸ ಬಣ್ಣಗಾರಿಕೆ. ಅದರಿಂದ ಪ್ರತಿಯೊಂದು ವರ್ಣತಂತುವಿನ ಮೇಲೂ ಅದರದೇ ಆದ ಪಟ್ಟೆಗಳು ಮೂಡಿ ಗುರುತು ಸುಲಭವಾಯಿತು.

ಇದೇ ಉಪಾಯವನ್ನು ಬ್ರಸೆಲ್ಸ್ ನಗರದ ಸ್ಪಿರೇರ್ ದಂಪತಿಗಳು ಇಲಿಗೆ ಅನ್ವಯಿಸಿದರು. ಇಲಿ ಮತ್ತು ಸುಂಡಿಲಿಯ ಕೋಶಗಳನ್ನು ಬೆಸೆದು, ಯಕೃತ್ತು ತಯಾರಿಸುವ ಆಲ್ಬುಮಿನ್ ಮತ್ತು ಭ್ರೂಣದಲ್ಲಿ ಹೇರಳವಾಗಿರುವ ಆಲ್ಫಾ ಫೀಟೊಪ್ರೋಟೀನ್ ಇವೆರಡರ ವಂಶವಾಹಿಗಳೂ ಇಲಿಯ 14ನೆಯ ವರ್ಣತಂತುವಿನಲ್ಲಿವೆಯೆಂದು 1984ರಲ್ಲಿ ತೋರಿಸಿದರು. ಮಾನವನಲ್ಲಿಯೂ ಇವೆರಡು ಅಕ್ಕಪಕ್ಕದಲ್ಲಿಯೇ ಇವೆ, ಆದರೆ 4ನೆಯ ವರ್ಣತಂತುವಿನಲ್ಲಿ.

ಊರು ಬದಲಾದರೂ ನೆರೆಹೊರೆ ಬದಲಾಗದು

ಈ ಸಂಗತಿ ಆಕಸ್ಮಿಕವಲ್ಲ. ಒಂದೇ ಊರಿನಿಂದ ಬಂದವರು ಮಹಾನಗರದಲ್ಲಿಯೂ ಒಂದೇ ಗಲ್ಲಿಯಲ್ಲಿ ಬಿಡಾರ ಹೂಡುವುದನ್ನು ನಾವೆಲ್ಲ ಬಲ್ಲೆವು. ಮಾನವನಿಗೂ ಇಲಿಗೂ ಸುಮಾರು ಎಂಟು ಕೋಟಿ ವರ್ಷಗಳ ಹಿಂದೆ ಒಬ್ಬನೇ ಪೂರ್ವಜನಿದ್ದ. ಅಂದಿನಿಂದ ವರ್ಣತಂತುಗಳು ತುಂಡಾಗಿ, ಬೇರೆ ರೀತಿಯಲ್ಲಿ ಕೂಡಿಕೊಂಡು, ಎಣಿಕೆಯೂ ಕ್ರಮಸಂಖ್ಯೆಯೂ ಬದಲಾಗಿವೆ. ಆದರೆ ಒಂದೊಂದು ತುಂಡಿನೊಳಗಿನ ನೆರೆಹೊರೆ ಬಹುಮಟ್ಟಿಗೆ ಹಾಗೆಯೇ ಉಳಿದಿದೆ. ಮಾನವನ 17ನೆಯ ವರ್ಣತಂತುವಿನ ವಂಶವಾಹಿಗಳು ಹೆಚ್ಚುಕಡಿಮೆ ಎಲ್ಲವೂ ಇಲಿಯ 10ನೆಯದರಲ್ಲಿವೆ. ಆದುದರಿಂದ ಇಲಿಯಲ್ಲಿ ಒಂದು ವಿಳಾಸ ದೊರೆತರೆ, ಮಾನವನಲ್ಲಿ ಯಾವ ಬೀದಿಯಲ್ಲಿ ವಿಚಾರಿಸಬೇಕೆಂದು ತಿಳಿಯುತ್ತದೆ.

ಏರೊತ್ತಡದ ಇಲಿಗಳು

ಜಪಾನಿನ ಕ್ಯೋಟೋದಲ್ಲಿ ಒಕಾಮೊಟೊ ಮತ್ತು ಆವೋಕಿ, ರಕ್ತದ ಒತ್ತಡ ಹೆಚ್ಚಿರುವ ಇಲಿಗಳನ್ನೇ ಆರಿಸಿ ಸಾಕುತ್ತ, ಹುಟ್ಟಿನಿಂದಲೇ ಏರೊತ್ತಡದ ಪ್ರವೃತ್ತಿಯುಳ್ಳ ತಳಿಯೊಂದನ್ನು 1963ರಲ್ಲಿ ವರದಿ ಮಾಡಿದರು. ಅದರಿಂದ ಮುಂದೆ ಪಾರ್ಶ್ವವಾಯುವಿಗೆ ಸುಲಭವಾಗಿ ತುತ್ತಾಗುವ ಉಪತಳಿಯೂ ಬೆಳೆಯಿತು. 1991ರಲ್ಲಿ ಎರಡು ಸಂಶೋಧಕ ತಂಡಗಳು ಈ ಉಪತಳಿಯನ್ನು ಸಾಮಾನ್ಯ ಒತ್ತಡದ ಇಲಿಗಳೊಡನೆ ಕೂಡಿಸಿ, ಮೊಮ್ಮಕ್ಕಳ ಪೀಳಿಗೆಯಲ್ಲಿ ಒತ್ತಡವನ್ನು ಅಳೆದವು. ಒತ್ತಡವನ್ನು ಏರಿಸುವ ಒಂದು ಅಂಶ 10ನೆಯ ವರ್ಣತಂತುವಿನಲ್ಲಿದೆಯೆಂದು ತಿಳಿಯಿತು. ರಕ್ತನಾಳಗಳನ್ನು ಸಂಕುಚಿಸುವ ವಸ್ತುವನ್ನು ತಯಾರಿಸುವ ಎ.ಸಿ.ಇ. ಎಂಬ ಕಿಣ್ವದ ವಂಶವಾಹಿಯೂ ಅಲ್ಲಿಯೇ ಇತ್ತು! ಆ ಕಿಣ್ವವನ್ನು ತಡೆಯುವ ಕ್ಯಾಪ್ಟೊಪ್ರಿಲ್ ಎಂಬ ಮಾತ್ರೆ 1981ರಿಂದಲೇ ಅಮೆರಿಕದಲ್ಲಿ ಬಳಕೆಯಲ್ಲಿತ್ತು. ಅಪರಾಧಿ ಸಿಕ್ಕಿಬಿದ್ದನೆಂದೇ ತೋರಿತು.

ಆದರೆ 1992ರಲ್ಲಿ ಏರೊತ್ತಡವುಳ್ಳ ಮಾನವ ಕುಟುಂಬಗಳನ್ನು ಪರಿಶೀಲಿಸಿದಾಗ, ಈ ವಂಶವಾಹಿಗೂ ಕಾಯಿಲೆಗೂ ನಿರೀಕ್ಷಿಸಿದ ನಂಟು ಕಾಣಲಿಲ್ಲ. ಬೀದಿ ತಿಳಿದ ಮಾತ್ರಕ್ಕೆ ತಪ್ಪಿತಸ್ಥನ ಮನೆ ತಿಳಿದಂತಾಗದು. ಇಂದು ಮಾನವನ ರಕ್ತದೊತ್ತಡದೊಡನೆ ನಂಟುಳ್ಳ ತಾಣಗಳು ಸಾವಿರಕ್ಕೂ ಮಿಕ್ಕಿ ಗುರುತಾಗಿವೆ. ಒಂದೊಂದರ ಪ್ರಭಾವವೂ ಅತ್ಯಲ್ಪ. ಒಂದೇ ವಂಶವಾಹಿಯ ದೋಷದಿಂದ ಏರೊತ್ತಡ ಬರುವ ಕುಟುಂಬಗಳು ಇವೆಯಾದರೂ ಅವು ವಿರಳ.

ವಂಶವೋ, ಉಪ್ಪೋ?

ಇಲ್ಲಿ ಇನ್ನೊಂದು ಇಲಿಯ ಕಥೆಯನ್ನು ನೆನೆಯಬೇಕು. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಲೂಯಿಸ್ ಡಾಲ್ ಇಲಿಗಳಿಗೆ ಅತಿಯಾಗಿ ಉಪ್ಪು ಬೆರೆಸಿದ ಆಹಾರ ಕೊಟ್ಟಾಗ ಕೆಲವಕ್ಕೆ ಒತ್ತಡ ಏರಿತು, ಕೆಲವಕ್ಕೆ ಏರಲಿಲ್ಲ. ಅವೆರಡನ್ನೂ ಬೇರೆಬೇರೆಯಾಗಿ ಸಾಕಿ ಉಪ್ಪಿಗೆ ಈಡಾಗುವ ಮತ್ತು ಈಡಾಗದ ಎರಡು ತಳಿಗಳನ್ನು ಪಡೆದು, 1962ರಲ್ಲಿ ವರದಿ ಮಾಡಿದರು. ಒಂದೇ ಉಪ್ಪು, ಫಲ ಬೇರೆ. ಇದು ವಂಶದ ಪ್ರಭಾವ. ಆದರೆ ಈಡಾಗುವ ತಳಿಗೇ ಉಪ್ಪು ಕಡಿಮೆಯಾದ ಆಹಾರ ಕೊಟ್ಟರೆ ಒತ್ತಡ ಅಷ್ಟು ತೀವ್ರವಾಗಿ ಏರುವುದಿಲ್ಲ. ವಂಶವಾಹಿಗಳು ಅವೇ, ಫಲ ಬೇರೆ. ಇದು ಆಹಾರದ ಪ್ರಭಾವ.

'ನಮ್ಮ ವಂಶದಲ್ಲಿಯೇ ಇದೆ, ಏನು ಮಾಡಿದರೂ ತಪ್ಪದು' ಎಂದು ಕೈಚೆಲ್ಲುವವರಿಗೆ ಇದೇ ಉತ್ತರ. ವಂಶದಲ್ಲಿರುವುದು ಎಚ್ಚರಿಕೆಯ ಸೂಚನೆಯೇ ಹೊರತು ತೀರ್ಪಲ್ಲ. ತಂದೆತಾಯಿಗಳಿಗಾಗಲಿ ಒಡಹುಟ್ಟಿದವರಿಗಾಗಲಿ ಏರೊತ್ತಡವಿದ್ದರೆ, ಯಾವ ತೊಂದರೆಯೂ ಕಾಣದಿದ್ದರೂ ವರ್ಷಕ್ಕೊಮ್ಮೆಯಾದರೂ ಒತ್ತಡವನ್ನು ಅಳೆಯಿಸಿಕೊಳ್ಳಬೇಕು. ಏಕೆಂದರೆ ಈ ಕಾಯಿಲೆ ಬಹುಕಾಲ ಸದ್ದಿಲ್ಲದೆ ಇರಬಲ್ಲದು. ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಟೀ ಚಮಚೆಯೊಳಗಿನ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಾರು, ಹುಳಿಗಳ ಉಪ್ಪಿನೊಡನೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಅಂಗಡಿಯ ಚಿವಡಾಗಳ ಉಪ್ಪನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ವೈದ್ಯರು ಮಾತ್ರೆ ಕೊಟ್ಟಿದ್ದರೆ, 'ಈಗ ಚೆನ್ನಾಗಿದ್ದೇನೆ' ಎಂದು ತಾವಾಗಿಯೇ ನಿಲ್ಲಿಸಬಾರದು.

ಕೊನೆಯದಾಗಿ ಒಂದು ವಿನಂತಿ. ಊರು ಬಿಟ್ಟು ಬಂದ ನಮ್ಮ ಕುಟುಂಬಗಳಲ್ಲಿ ಅಜ್ಜ ಅಜ್ಜಿಯರ ಕಾಯಿಲೆಗಳ ನೆನಪು ಒಂದೆರಡು ತಲೆಮಾರಿನಲ್ಲಿ ಅಳಿಸಿಹೋಗುತ್ತದೆ. ಮುಂದಿನ ಸಲ ಹಬ್ಬಕ್ಕೋ ಮದುವೆಗೋ ಊರಿಗೆ ಹೋದಾಗ, ಯಾರಿಗೆ ಯಾವ ವಯಸ್ಸಿನಲ್ಲಿ ಏರೊತ್ತಡ, ಪಾರ್ಶ್ವವಾಯು, ಹೃದಯದ ತೊಂದರೆ, ಸಕ್ಕರೆ ಕಾಯಿಲೆ ಬಂದಿತ್ತೆಂದು ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿರಿ. ವಂಶವಾಹಿಗಳ ನಕ್ಷೆ ಬರೆದ ವಿಜ್ಞಾನಿಗಳೂ ಕುಟುಂಬದ ಇಂಥ ವಿವರಗಳಿಂದಲೇ ಆರಂಭಿಸಿದರು. ನಿಮ್ಮ ವೈದ್ಯರಿಗೂ ನಿಮ್ಮ ಮಕ್ಕಳಿಗೂ ಆ ಒಂದು ಹಾಳೆ ಬಹಳ ಉಪಯೋಗಕ್ಕೆ ಬಂದೀತು.